ಐದೂ ಹತ್ತರ ನಡಿಗೆ

ಏಕನಾಥರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದರು. ಇಪ್ಪತ್ತೆರಡರ ಹರೆಯದಲ್ಲಿ ಹರಿಹರದಿಂದ ದೆಹಲಿಗೆ ಗುಮಾಸ್ತರಾಗಿ ಬಂದವರು, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದರು. ಅಷ್ಟು ವರ್ಷಗಳಲ್ಲಿ ಕಚೇರಿಗೆ ತಡವಾಗಿ ಹೋದದ್ದು ಎರಡೇ ಸಲ. ಒಮ್ಮೆ ಮಗ ಹುಟ್ಟಿದ ದಿನ, ಇನ್ನೊಮ್ಮೆ ಧೌಲಾ ಕುವಾಂ ಹತ್ತಿರ ಬಸ್ಸಿನ ಇಂಜಿನ್ ಹೊಗೆಯಾಡಿದ ದಿನ. ಯಾರೂ ಕೇಳದಿದ್ದರೂ ಎರಡಕ್ಕೂ ಕಾರಣ ಬರೆದುಕೊಟ್ಟಿದ್ದರು. ಪುಟಸಂಖ್ಯೆ ಹಾಕದ ಕಡತವನ್ನು ಅವರು ಮುಟ್ಟುತ್ತಿರಲಿಲ್ಲ. ಮೇಜಿನ ಮೇಲಿನ ಮೂರು ಪೆನ್ನುಗಳು ಒಂದೇ ಗೆರೆಯಲ್ಲಿ ಮಲಗಿರಬೇಕಿತ್ತು. ಹಿಂದಿಯಲ್ಲಿ ಅಳತೆಪಟ್ಟಿಗೆ ಫುಟ್ಟಾ ಎನ್ನುತ್ತಾರೆ. ಸಹೋದ್ಯೋಗಿಗಳು ಬೆನ್ನ ಹಿಂದೆ ಅವರನ್ನು ‘ಫುಟ್ಟಾ ಸಾಬ್’ ಎಂದು ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಜನಕಪುರಿ ಬಡಾವಣೆಯ ಮನೆಯಲ್ಲೂ ಅದೇ ಕಟ್ಟಳೆ. ತಿಂಡಿ ಏಳೂ ನಲವತ್ತಕ್ಕೆ. ರಾತ್ರಿ ಊಟ ಎಂಟಕ್ಕೆ. ಮಗ ಮಹಂತೇಶ ಆಟದಿಂದ ಐದು ನಿಮಿಷ ತಡವಾಗಿ ಬಂದರೆ ತಟ್ಟೆ ಮುಚ್ಚಿಟ್ಟಿರುತ್ತಿತ್ತು, ಅವನು ಒಬ್ಬನೇ ಕೂತು ತಣ್ಣಗಾದ ಅನ್ನ ತಿನ್ನಬೇಕಿತ್ತು. “ಈ ಮನೇಲಿ ಹಸಿವು ಕೂಡ ಗಡಿಯಾರ ನೋಡ್ಕೊಂಡೇ ಬರ್ಬೇಕು” ಎಂದು ಹೆಂಡತಿ ಶಾರದಮ್ಮ ಗೊಣಗುತ್ತಿದ್ದರು. ಗೊಣಗುತ್ತಲೇ ಏಳೂ ನಲವತ್ತಕ್ಕೆ ಉಪ್ಪಿಟ್ಟು ಬಡಿಸುತ್ತಿದ್ದರು.

ಮಹಂತೇಶ ಓದಿ ನೋಯ್ಡಾದ ಒಂದು ಕಂಪನಿ ಸೇರಿದ. ಧಾರಿಣಿಯನ್ನು ಮದುವೆಯಾದ ಮೇಲೆ ಇಂದಿರಾಪುರದಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟ್ ಹಿಡಿದ. ಆಫೀಸಿಗೆ ಹತ್ತಿರ ಎಂದು ಕಾರಣ ಹೇಳಿದ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅವರ ಮಗಳು ಸ್ಫೂರ್ತಿ. ಎರಡು ವರ್ಷವಾದರೂ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಚಮಚಗಳನ್ನು ಸಾಲಾಗಿ ಜೋಡಿಸುತ್ತಾ ಗಂಟೆಗಟ್ಟಲೆ ಕೂರುತ್ತಿದ್ದಳು, ಯಾರಾದರೂ ಒಂದನ್ನು ಸರಿಸಿದರೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಮೂರು ತುಂಬಿದ ಮೇಲೆ ಡಾಕ್ಟರು ಆಟಿಸಂ ಎಂದರು. ಆ ಭಾನುವಾರ ಫ್ಲ್ಯಾಟಿಗೆ ಬಂದ ತಂದೆತಾಯಿಗೆ ಮಹಂತೇಶ ವಿಷಯ ತಿಳಿಸಿದಾಗ ಶಾರದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಏಕನಾಥರು, “ರಿಪೋರ್ಟಿನ ಒಂದು ಕಾಪಿ ಕೊಡು” ಎಂದರು. ಧಾರಿಣಿಗೆ ಆ ಮಾತು ಎದೆಗೆ ಚುಚ್ಚಿತು. ಮಗುವನ್ನೂ ಕಡತ ಮಾಡಿಕೊಂಡರಲ್ಲ ಎನಿಸಿತು.

ಜನಕಪುರಿಗೆ ವಾಪಸ್ ಬಂದು ಅವರು ರಿಪೋರ್ಟಿನ ಎಂಟು ಪುಟಗಳನ್ನು ಪೆನ್ಸಿಲ್ ಹಿಡಿದು ಮೂರು ಸಲ ಓದಿದರು. ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆದರು.

“ಏನಂತೆ? ಯಾವಾಗ ಗುಣವಾಗತ್ತಂತೆ?” ಎಂದು ಶಾರದಮ್ಮ ಕೇಳಿದರು.

“ಗುಣವಾಗೋದು ಅನ್ನೋ ಮಾತೇ ಇದರಲ್ಲಿಲ್ಲ. ಅವಳು ಇರೋದೇ ಹೀಗಂತೆ” ಎಂದು ಹೇಳಿ, ಹಾಳೆಗಳನ್ನು ಮಡಿಸಿಟ್ಟು, ಅವರು ಬಾಲ್ಕನಿಯಲ್ಲಿ ಹೋಗಿ ನಿಂತರು. ಅಂದು ಊಟಕ್ಕೆ ಎಂಟೂ ಕಾಲಿಗೆ ಒಳಗೆ ಬಂದರು. ಶಾರದಮ್ಮನಿಗೆ ರಿಪೋರ್ಟಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೊರೊನಾ ಬಂದು ಶಾಲೆ, ಥೆರಪಿ ಎಲ್ಲ ಮುಚ್ಚಿತು. ಐದು ವರ್ಷದ ಸ್ಫೂರ್ತಿಗೆ ಹನ್ನೊಂದನೇ ಮಹಡಿಯ ಎರಡು ಕೋಣೆಯೇ ಜಗತ್ತಾಯಿತು. ನಿದ್ದೆ ತಪ್ಪಿತು. ತಟ್ಟೆ ಎಸೆಯತೊಡಗಿದಳು, ತನ್ನ ಕೈಯನ್ನೇ ಕಚ್ಚಿಕೊಳ್ಳತೊಡಗಿದಳು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಧಾರಿಣಿ ಕೆಲಸ ಬಿಟ್ಟಾಗಿತ್ತು. ಒಂದು ದಿನ ಅವಳು ಅಡುಗೆಮನೆಯ ನೆಲದ ಮೇಲೆ ಕೂತು, “ನನ್ನ ಕೈಲಿ ಆಗಲ್ಲ, ಮಹಂತ್, ನಂಗೆ ಒಂದು ದಿನ ನಿದ್ದೆ ಕೊಡ್ಸು” ಎಂದಳು. ಆ ವಾರವೇ ಮಹಂತೇಶ ಮೂರು ಸೂಟ್‌ಕೇಸ್ ಕಟ್ಟಿಕೊಂಡು ಹೆಂಡತಿ ಮಗಳೊಂದಿಗೆ ಜನಕಪುರಿಗೆ ಬಂದ. ಒಂದು ತಿಂಗಳ ಮಟ್ಟಿಗೆ ಎಂದುಕೊಂಡು ಬಂದದ್ದು. ಎರಡು ಸಾವಿರದ ಇಪ್ಪತ್ತೊಂದರ ಜುಲೈ ಅದು. ಏಕನಾಥರು ನಿವೃತ್ತರಾಗಿ ಹನ್ನೆರಡು ದಿನವಾಗಿತ್ತು.

ನಿವೃತ್ತಿಯಾದರೂ ಅವರು ಎಂಟೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿನ ಮುಂದೆ ಕೂರುತ್ತಿದ್ದರು. ಪತ್ರಿಕೆ ಓದಿ ಮುಗಿಸಿ, ನಾಲ್ಕು ಮಡಿಕೆ ಮಾಡಿ, ಅದರ ಬಲಕ್ಕೆ ಪೆನ್ನು, ಪೆನ್ನಿನ ಬಲಕ್ಕೆ ಕನ್ನಡಕದ ಪೆಟ್ಟಿಗೆ ಇಡುತ್ತಿದ್ದರು. ಮನೆಯವರೆಲ್ಲ ಮಗುವನ್ನು ಮುದ್ದಿಸಲು, ನಗಿಸಲು, ಮಾತಾಡಿಸಲು ಒದ್ದಾಡುತ್ತಿದ್ದಾಗ ಅವರು ಮಾತ್ರ ಅವಳ ಹತ್ತಿರ ಹೋಗಲಿಲ್ಲ. ಹೇಗೆ ಹೋಗಬೇಕೆಂದು ಅವರಿಗೆ ತಿಳಿದಿರಲಿಲ್ಲ.

ನಾಲ್ಕನೆಯ ದಿನ ಸ್ಫೂರ್ತಿ ತಾನಾಗಿ ಬಂದು ಎದುರಿನ ಕುರ್ಚಿ ಹತ್ತಿ ಕೂತಳು. ಪತ್ರಿಕೆ ಮಡಿಸುವುದನ್ನು ನೋಡಿದಳು. ಪೆನ್ನು ಇಡುವುದನ್ನು ನೋಡಿದಳು. ಕನ್ನಡಕದ ಪೆಟ್ಟಿಗೆ ಆ ದಿನ ಒಂದಿಷ್ಟು ಓರೆಯಾಗಿತ್ತು. ಒಂದು ಬೆರಳು ಚಾಚಿ ಅದನ್ನು ಮೆಲ್ಲಗೆ ತಳ್ಳಿ ನೇರ ಮಾಡಿದಳು. ಏಕನಾಥರು ಬಗ್ಗಿ, ಒಂದು ಕಣ್ಣು ಮುಚ್ಚಿ, ಮೇಜಿನ ಅಂಚಿನ ಜೊತೆ ಹೋಲಿಸಿ ನೋಡಿದರು.

“ನೋಟೆಡ್” ಎಂದರು.

ಕಡತ ಓದಿದ ಮೇಲೆ ಅವರು ಮೂವತ್ತೆಂಟು ವರ್ಷ ಆಡಿದ ಮಾತು ಅದು. ಸ್ಫೂರ್ತಿ ಕುರ್ಚಿಯಲ್ಲಿ ಹಿಂದೆ ಮುಂದೆ ತೂಗುತ್ತಾ, ಅವರ ಮುಖ ನೋಡದೆ, “ನೋಟೆಡ್” ಎಂದಳು. ಅವಳ ಬಾಯಲ್ಲಿ ಆಗ ಇದ್ದದ್ದು ಏಳೋ ಎಂಟೋ ಪದ. ಒಲೆಯ ಮುಂದೆ ನಿಂತಿದ್ದ ಧಾರಿಣಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ಅಲ್ಲಿಂದ ಶುರುವಾಯಿತು. ಮರುದಿನದಿಂದ ಅವಳಿಗೆ ಅದೇ ಸ್ಟೀಲ್ ತಟ್ಟೆ, ಅದೇ ಜಾಗ, ಏಳೂ ನಲವತ್ತಕ್ಕೆ ತಿಂಡಿ. ಉಪ್ಪಿಟ್ಟು ಒಂದು ಕಡೆ, ಬಾಳೆಹಣ್ಣು ಇನ್ನೊಂದು ಕಡೆ, ಒಂದಕ್ಕೊಂದು ತಾಗಕೂಡದು. ಆ ತಾಗದಿರುವಿಕೆಯನ್ನು ಏಕನಾಥರು ಸ್ವತಃ ಪರಿಶೀಲಿಸುತ್ತಿದ್ದರು. ಒಂದು ವಾರ ಕಳೆದ ಮೇಲೆ ಧಾರಿಣಿ, “ಮಾವ, ಇವತ್ತು ತಿಂಡಿ ಹೊತ್ತಲ್ಲಿ ಅವಳು ಅಳಲೇ ಇಲ್ಲ” ಎಂದಳು.

“ಯಾಕೆ ಅಳ್ಬೇಕು? ತಿಂಡಿ ಸಮಯಕ್ಕೆ ಬಂತಲ್ಲ” ಎಂದರು ಅವರು. ನಿಜವಾಗಿಯೂ ಅವರಿಗೆ ಆಶ್ಚರ್ಯವಾಗಿತ್ತು. ಮುಂದೇನಾಗುತ್ತದೆಂದು ಗೊತ್ತಿಲ್ಲದಿರುವುದು ಎಂಥ ಹಿಂಸೆ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಥೆರಪಿ ಮತ್ತೆ ಶುರುವಾದಾಗ ಅಲ್ಲಿನ ಟೀಚರ್ ಉಷಾ ಮೇಡಂ, ದಿನಚರಿಯನ್ನು ಚಿತ್ರಗಳಲ್ಲಿ ತೋರಿಸಿ ಎಂದು ಹೇಳಿಕೊಟ್ಟರು. ಸ್ನಾನಕ್ಕೊಂದು ಕಾರ್ಡು, ಶಾಲೆಗೊಂದು, ಊಟಕ್ಕೊಂದು. ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆಯುತ್ತೇನೆ ಎಂದ ಮಹಂತೇಶ. ಏಕನಾಥರು ಕೇಳಲಿಲ್ಲ, ಡ್ರಾಯಿಂಗ್ ಹಾಳೆ ತಂದು, ಅಳೆದು, ಕತ್ತರಿಸಿ, ತಾವೇ ಬರೆದರು. ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಸ್ನಾನದ ಬಕೆಟ್ಟು ತಬಲಾ ಥರ ಕಾಣುತ್ತಿತ್ತು. ಶಾಲೆಯ ವ್ಯಾನು ಚಕ್ರ ಹಚ್ಚಿದ ಬ್ರೆಡ್ಡಿನ ಹಾಗಿತ್ತು. ಶಾರದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಫೂರ್ತಿ ನಗಲಿಲ್ಲ. ಪ್ರತಿ ಕಾರ್ಡನ್ನೂ ಮೂಗಿನ ಹತ್ತಿರ ಹಿಡಿದು ನೋಡಿ, ಸಾಲಾಗಿ ಜೋಡಿಸಿ, ಒಪ್ಪಿಗೆ ಕೊಟ್ಟಳು.

ಒಂದು ತಿಂಗಳು ಆರು ತಿಂಗಳಾಯಿತು, ಇಂದಿರಾಪುರದ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟದ್ದಾಯಿತು. ಮನೆ ಮಗುವಿಗೆ ತಕ್ಕ ಹಾಗೆ ಬದಲಾಗುತ್ತಾ ಹೋಯಿತು. ಕುಕ್ಕರಿನ ಸೀಟಿ ಕೂಗಿದರೆ ಸ್ಫೂರ್ತಿ ಕಿವಿ ಮುಚ್ಚಿಕೊಂಡು ಹಾಸಿಗೆಯ ಕೆಳಗೆ ನುಗ್ಗುತ್ತಿದ್ದಳು. ಶಾರದಮ್ಮ ಕುಕ್ಕರನ್ನು ಮೇಲಿನ ಕಪಾಟಿಗೆ ಸಾಗಹಾಕಿ, ಪಾತ್ರೆಯಲ್ಲಿ ಬೇಳೆ ಬೇಯಿಸತೊಡಗಿದರು. ಉಗುರು ತೆಗೆಯುವುದು ದೊಡ್ಡ ಯುದ್ಧ. ಕೊನೆಗೆ ದಿನಕ್ಕೊಂದೇ ಬೆರಳು ಎಂದು ಗೊತ್ತುಮಾಡಿಕೊಂಡ ಮೇಲೆ ತಣ್ಣಗಾಯಿತು. ದೀಪಾವಳಿಯ ಸಂಜೆ ಪಟಾಕಿ ಹಚ್ಚುವ ಹೊತ್ತಿಗೆ ಇಡೀ ಸಂಸಾರ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ರಜಾಯಿ ಹೊದ್ದು ಕೂತಿತು. ಅಲ್ಲಿ ಅಜ್ಜಿ ಪಿಸುದನಿಯಲ್ಲಿ ಹರಿಹರದ ಹೊಳೆಯ ಕತೆ ಹೇಳಿದರು, ಮೊಮ್ಮಗಳು ಅಜ್ಜಿಯ ಬಳೆಗಳನ್ನು ಎಣಿಸಿದಳು. ಅವಳು ಎಷ್ಟು ಕೇಳಿಸಿಕೊಂಡಳೋ ಯಾರಿಗೂ ತಿಳಿಯಲಿಲ್ಲ.

ದಿನದ ಎಲ್ಲಕ್ಕಿಂತ ದೊಡ್ಡ ಸಂಗತಿ ಸಂಜೆ ಐದೂ ಹತ್ತರ ನಡಿಗೆ. ಅಜ್ಜ ಮೊಮ್ಮಗಳು ಮೆಟ್ಟಿಲಿಳಿದು, ಎಡಕ್ಕೆ ತಿರುಗಿ, ಹಾಲಿನ ಬೂತ್ ದಾಟಿ, ಔಷಧಿ ಅಂಗಡಿ ದಾಟಿ, ಪಾರ್ಕಿನ ಪಕ್ಕದ ಓಣಿಯಲ್ಲಿ ಹಾದು, ಓಣಿಯ ತುದಿಯ ಕಬ್ಬಿಣದ ಗೇಟಿನ ನಾಲ್ಕನೆಯ ಸರಳನ್ನು ಮುಟ್ಟಿ, ಬ್ಲಾಕನ್ನು ಸುತ್ತಿ ಮನೆಗೆ ಬರುತ್ತಿದ್ದರು. ಸ್ಫೂರ್ತಿಗೆ ಕೈ ಹಿಡಿದುಕೊಳ್ಳುವುದು ಇಷ್ಟವಿಲ್ಲ. ಅಜ್ಜನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಗುಂಯ್ ಎಂದು ಒಂದೇ ಸ್ವರ ಹಿಡಿದು ನಡೆಯುತ್ತಿದ್ದಳು. ಬೂತಿನವನು “ನಮಸ್ತೆ ಅಂಕಲ್‌ಜೀ” ಎಂದರೆ ಏಕನಾಥರು ತಲೆಯಾಡಿಸುತ್ತಿದ್ದರು, ನಿಲ್ಲುತ್ತಿರಲಿಲ್ಲ. ಇಬ್ಬರಿಗೂ ನಿಲ್ಲುವುದು ಬೇಕಿರಲಿಲ್ಲ.

“ಮೂವತ್ತೈದು ವರ್ಷ ನಿಮ್ಮ ಗಡಿಯಾರಕ್ಕೆ ಹಿಡಿಶಾಪ ಹಾಕಿದ್ದೀನಿ” ಎಂದರು ಶಾರದಮ್ಮ ಒಂದು ದಿನ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಾ. “ಇದಕ್ಕೆ ಅಂತ ಇಟ್ಕೊಂಡಿದ್ರಿ ಅಂತ ಮೊದಲೇ ಹೇಳ್ಬಾರದಿತ್ತಾ?”

ಏಕನಾಥರು ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಆದರೆ ಆ ದಿನವೆಲ್ಲ ಅವರ ಮನಸ್ಸು ಹಗುರವಾಗಿತ್ತು.

ಒಂದು ಮಾತನ್ನು ಮಾತ್ರ ಅವರು ಕೇಳಲಿಲ್ಲ. ಉಷಾ ಮೇಡಂ ಎರಡು ಸಲ, ಮೂರು ಸಲ ಹೇಳಿದ್ದರು: “ಅಂಕಲ್, ದಿನಚರಿ ಚೆನ್ನಾಗಿ ಕೂತಿದೆ. ಇನ್ನು ವಾರಕ್ಕೊಂದು ಸಣ್ಣ ಬದಲಾವಣೆ ತನ್ನಿ. ರಸ್ತೆಯ ಆಚೆ ಬದಿ ನಡೀರಿ, ಬೇರೆ ತಟ್ಟೆ ಕೊಡಿ. ಮೊದಲೇ ಕಾರ್ಡ್ ತೋರಿಸಿ ಹೇಳಿ. ಹೊರಗಿನ ಪ್ರಪಂಚ ನಿಮ್ಮ ಟೈಮ್‌ಟೇಬಲ್ ಪ್ರಕಾರ ನಡೆಯಲ್ಲ. ಅವಳಿಗೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಆಗ್ಬೇಕು.” ಏಕನಾಥರು “ಅಚ್ಛಾ, ನೋಡೋಣ” ಎಂದು ಬಂದುಬಿಡುತ್ತಿದ್ದರು. ಸುಖವಾಗಿ ನಡೆಯುತ್ತಿರುವುದನ್ನು ಯಾಕೆ ಕದಡಬೇಕು? ಹೀಗೆ ಎರಡೂವರೆ ವರ್ಷ ಕಳೆಯಿತು. ಸ್ಫೂರ್ತಿಗೆ ಎಂಟು ತುಂಬಿತು.

ಫೆಬ್ರವರಿಯ ಒಂದು ಗುರುವಾರ. ಮದುವೆಯ ದಿನಗಳು. ಅಜ್ಜ ಮೊಮ್ಮಗಳು ಔಷಧಿ ಅಂಗಡಿ ದಾಟಿ ಪಾರ್ಕಿನ ಓಣಿಗೆ ತಿರುಗಿದರೆ ಓಣಿಯೇ ಇರಲಿಲ್ಲ. ಈ ಗೋಡೆಯಿಂದ ಆ ಗೋಡೆಯವರೆಗೆ ಗುಲಾಬಿ, ಹಳದಿ ಪಟ್ಟೆಯ ಟೆಂಟು ಎದ್ದಿತ್ತು. ಒಳಗಿನಿಂದ ಡೋಲಕ್ಕಿನ ಹಾಡು ಸ್ಪೀಕರಿನಲ್ಲಿ ಕೇಳುತ್ತಿತ್ತು. ಯಾರದೋ ಮಗಳ ಮೆಹಂದಿ.

ಸ್ಫೂರ್ತಿಯ ಗುಂಯ್ ನಿಂತುಹೋಯಿತು. ತೋಳು ಹಿಡಿದಿದ್ದ ಬೆರಳು ಬಿಗಿಯಾಯಿತು.

“ಬೇರೆ ದಾರೀಲಿ ಹೋಗೋಣ, ಪುಟ್ಟ” ಎಂದರು ಏಕನಾಥರು. ಹೇಳುವಾಗಲೇ ಅವರಿಗೆ ಗೊತ್ತಾಯಿತು, ಆ ಮಾತನ್ನು ತಾವು ಅವಳಿಗೆ ಈವರೆಗೆ ಒಂದೇ ಒಂದು ಸಲವೂ ಹೇಳಿಲ್ಲ ಎಂದು.

ಅವಳು ಮುಂದೆ ಹೋಗಿ ಬಟ್ಟೆಯ ಗೋಡೆಯನ್ನು ಎರಡೂ ಕೈಯಿಂದ ತಳ್ಳಿದಳು. ಅದು ಒಳಕ್ಕೆ ಬಾಗಿತು, ದಾರಿ ಕೊಡಲಿಲ್ಲ. ಮತ್ತೆ ತಳ್ಳಿದಳು. ಹಗ್ಗ ಕಟ್ಟುತ್ತಿದ್ದ ಟೆಂಟಿನವನು, “ಅರೆ ಬೇಟಾ, ಬಂದ್ ಹೈ, ಆ ಕಡೆಯಿಂದ ಹೋಗಿ ಅಂಕಲ್‌ಜೀ” ಎಂದ. ಅಷ್ಟರಲ್ಲಿ ಸ್ಫೂರ್ತಿ ಕಿರುಚಿ, ರಸ್ತೆಯ ಮೇಲೆ ಬಿದ್ದು, ಹಣೆಯನ್ನು ಡಾಂಬರಿಗೆ ಬಡಿಯತೊಡಗಿದಳು.

ಅರವತ್ತೆರಡು ವರ್ಷದ ಏಕನಾಥರು ಇಸ್ತ್ರಿಯ ಪ್ಯಾಂಟಿನಲ್ಲಿ ರಸ್ತೆಯ ಮೇಲೆ ಮಂಡಿಯೂರಿದರು. ತಮ್ಮ ಅಂಗೈಯನ್ನು ಅವಳ ಹಣೆಯ ಕೆಳಗೆ ಹಾಸಿದರು. ಹಣೆ ಕೈಯ ಮೇಲೆ ಬೀಳುತ್ತಿತ್ತು, ಕೈಯ ಹಿಂಬದಿ ಜಲ್ಲಿಗೆ ಉಜ್ಜುತ್ತಿತ್ತು. ಸುತ್ತ ಜನ ಸೇರಿದರು. ಮಗುವಿಗೆ ಫಿಟ್ಸ್ ಬಂತೇ ಎಂದು ಒಬ್ಬ ಕೇಳಿದ. ಒಂದು ಬಾರಿಸಿದರೆ ಸುಮ್ಮನಾಗುತ್ತಾಳೆ, ತುಂಬ ಮುದ್ದು ಮಾಡಿದ್ದಾರೆ ಎಂದಳು ಒಬ್ಬಾಕೆ. ಸ್ಕೂಟರ್ ನಿಲ್ಲಿಸಿದ ಹುಡುಗನೊಬ್ಬ ಮೊಬೈಲ್ ಎತ್ತಿ ಹಿಡಿದ. ಏಕನಾಥರು ತಲೆ ಎತ್ತಿ ಅವನನ್ನು ನೋಡಿದರು. ಅವನು ಮೊಬೈಲನ್ನು ಜೇಬಿಗಿಳಿಸಿದ.

ಮಗುವನ್ನು ಎತ್ತಿಕೊಂಡು ಹೋಗುವಂತಿರಲಿಲ್ಲ, ಅಷ್ಟು ಭಾರ. ಬಿಟ್ಟು ಹೋಗುವಂತಿರಲಿಲ್ಲ. ಧಾರಿಣಿಗೆ ಫೋನ್ ಮಾಡಲು ಕೈ ಖಾಲಿಯಿರಲಿಲ್ಲ. ಉಳಿದದ್ದು ಒಂದೇ, ಅದನ್ನು ಅವರು ಜೀವನದಲ್ಲಿ ಮಾಡಿದವರಲ್ಲ. ಬಡ್ತಿಗಾಗಿ, ಕ್ವಾರ್ಟರ್ಸಿಗಾಗಿ, ರಜೆಗಾಗಿ ಕೂಡ ಅವರು ಯಾರ ಮುಂದೆಯೂ ಬಾಯಿಮಾತಿನಲ್ಲಿ ಕೇಳಿಕೊಂಡಿರಲಿಲ್ಲ. ನಿಯಮದಲ್ಲಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದು ಅವರ ಬಾಳಿನ ಕ್ರಮವಾಗಿತ್ತು.

ಅವರು ಟೆಂಟಿನತ್ತ ತಿರುಗಿ, ಜೋರು ದನಿಯಲ್ಲಿ, “ಇಲ್ಲಿ ಮನೆಯವರು ಯಾರು? ದಯವಿಟ್ಟು ಹೊರಗೆ ಬನ್ನಿ” ಎಂದು ಹಿಂದಿಯಲ್ಲಿ ಕೂಗಿದರು.

ಬಟ್ಟೆಯ ಸಂದಿಯಿಂದ ಐವತ್ತೈದು ದಾಟಿದ ದಪ್ಪನೆಯ ಹೆಂಗಸೊಬ್ಬರು ಹೊರಬಂದರು. ಹೆಸರು ಮಿಸೆಸ್ ಸಭರ್ವಾಲ್, ಮದುಮಗಳ ತಾಯಿ. ಎರಡೂ ಕೈಗೆ ಮೊಣಕೈವರೆಗೆ ಹಸಿ ಮೆಹಂದಿ. ಅದು ಒರೆಸಿಹೋಗದಂತೆ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದರು.

ಏಕನಾಥರ ಬಾಯಿಗೆ ಬಂದದ್ದು ಮೂವತ್ತೆಂಟು ವರ್ಷ ಕಾಗದಗಳಲ್ಲಿ ಬರೆದ ಹಿಂದಿ. “ಶ್ರೀಮತೀಜೀ, ಮೇರಾ ಏಕ್ ಅನುರೋಧ್ ಹೈ” ಎಂದು ಶುರುಮಾಡಿದರು. ನನ್ನದೊಂದು ವಿನಂತಿ ಇದೆ ಎಂಬ ಆ ಅರ್ಜಿಯ ಭಾಷೆಗೆ, ಹಿಂದೆ ನಿಂತಿದ್ದ ಇಬ್ಬರು ಹುಡುಗಿಯರಿಗೆ ನಗು ಬಂತು. ಅವರು ಮುಂದುವರಿಸಿದರು: “ಇವಳು ನನ್ನ ಮೊಮ್ಮಗಳು. ಇವಳಿಗೆ ಆಟಿಸಂ ಇದೆ. ದಿನಾ ಇದೇ ಓಣಿಯಲ್ಲಿ ಹೋಗ್ತಾಳೆ. ಇವಳಿಗೆ ಬೇರೆ ದಾರಿ ಗೊತ್ತಿಲ್ಲ. ತಪ್ಪು ನನ್ನದು, ನಾನು ಕಲಿಸಲಿಲ್ಲ. ನಿಮ್ಮ ಟೆಂಟಿನ ಒಳಗಿಂದ ಒಂದು ಸಲ ಹೋಗೋಕೆ ಬಿಡಿ.” ಒಂದು ಕೈ ಮಗುವಿನ ಹಣೆಯ ಕೆಳಗಿತ್ತು. ಇನ್ನೊಂದು ಕೈಯನ್ನು ಎದೆಗೆ ಒತ್ತಿ, ಒಂಟಿ ಕೈಯಲ್ಲೇ ಮುಗಿದರು.

ಮಿಸೆಸ್ ಸಭರ್ವಾಲ್ ಏಕನಾಥರ ಕೈಯನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ತಿರುಗಿ ಟೆಂಟಿನವನಿಗೆ ಗದರಿದರು: “ಖೋಲ್ ಭಾಯಿ! ಈ ಕಡೆಯಿಂದಲೂ, ಆ ಕಡೆಯಿಂದಲೂ. ಏ ರಿಂಕಿ, ಆ ಸ್ಪೀಕರ್ ಆಫ್ ಮಾಡು.”

“ಆಂಟೀ, ಈಗ ತಾನೇ ಕಟ್ಟಿದ್ದು” ಎಂದ ಟೆಂಟಿನವನು.

“ಕಟ್ಟಿದ್ದನ್ನೇ ಬಿಚ್ಚು ಅಂದಿದ್ದು.”

ಹಗ್ಗ ಸಡಿಲವಾಯಿತು. ಎರಡೂ ಕಡೆ ಬಟ್ಟೆ ಸರಿಯಿತು. ಕೆಂಪು ಜಮಖಾನೆ, ಚೆಂಡುಹೂವಿನ ತೋರಣ, ನಲವತ್ತು ಹೆಂಗಸರು. ಆ ತುದಿಯಲ್ಲಿ ಗೇಟು ಕಾಣಿಸಿತು. ಹಾಡು ನಿಂತಿತು. ದಾರಿ ತೆರೆದ ತಕ್ಷಣ ಸ್ಫೂರ್ತಿ ಎದ್ದುಬಿಡಲಿಲ್ಲ. ಒಳಗೆ ಎದ್ದ ಬಿರುಗಾಳಿ ತಾನಾಗಿ ಇಳಿಯಬೇಕಿತ್ತು. ಏಕನಾಥರು ಅವಳ ಬೆನ್ನಿನ ಮೇಲೆ ಇನ್ನೊಂದು ಅಂಗೈಯನ್ನು ಒತ್ತಿ ಇಟ್ಟುಕೊಂಡು ಕೂತರು. ಹತ್ತು ನಿಮಿಷ. ಹದಿನೈದು ನಿಮಿಷ. ಹೆಂಗಸರು ಮೆಹಂದಿ ಕೈಗಳನ್ನು ಎತ್ತಿಕೊಂಡು ಕಾದರು. ಮಿಸೆಸ್ ಸಭರ್ವಾಲ್ ಮಾತಾಡಿದವರ ಕಡೆ ಕಣ್ಣು ಬಿಡುತ್ತಿದ್ದರು. ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಕೊನೆಗೆ ಸ್ಫೂರ್ತಿ ಎದ್ದು ಕೂತು, ಮೂಗು ಒರೆಸಿಕೊಂಡು, ಅಜ್ಜನ ತೋಳಿಗಾಗಿ ಕೈ ಚಾಚಿದಳು.

ಇಬ್ಬರೂ ಟೆಂಟಿನೊಳಗೆ ನಡೆದರು. ಸ್ಫೂರ್ತಿ ಜಮಖಾನೆಯ ಅಂಚನ್ನೇ ಹಿಡಿದು ಹೆಜ್ಜೆ ಹಾಕಿದಳು. ನಡುವೆ ಒಂದು ಮೇಜಿನ ಮೇಲೆ ಮೆಹಂದಿ ಕೋನುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವಳು ನಿಂತು ಒಂದೊಂದನ್ನೇ ಎತ್ತಿ ಸಾಲಾಗಿ ಇಟ್ಟಳು, ತುದಿಗಳೆಲ್ಲ ಒಂದೇ ಕಡೆಗೆ. ಹನ್ನೊಂದು ಕೋನು. ಹಳದಿ ಬಟ್ಟೆ ಉಟ್ಟ ಮದುಮಗಳು ತನ್ನ ಮಡಿಲಿಗೆ ಬಿದ್ದಿದ್ದ ಹನ್ನೆರಡನೆಯದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಚಾಚಿದಳು. ಸ್ಫೂರ್ತಿ ಅದನ್ನೂ ತೆಗೆದುಕೊಂಡು ಸಾಲಿಗೆ ಸೇರಿಸಿದಳು. ಆಮೇಲೆ ಆಚೆ ಹೋಗಿ ಗೇಟಿನ ನಾಲ್ಕನೆಯ ಸರಳನ್ನು ಮುಟ್ಟಿದಳು.

ಮನೆ ತಲುಪಿದಾಗ ಆರೂವರೆ. ಧಾರಿಣಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಹಣೆ ಕೆಂಪಗಿತ್ತು, ಮಾವನ ಕೈಯ ಹಿಂಬದಿ ಸಿಪ್ಪೆ ಸುಲಿದು ರಕ್ತ ಒಸರುತ್ತಿತ್ತು. ಅವಳು ಮಗಳಿಗೆ ನೀರು ಕುಡಿಸಿ, ರಜಾಯಿ ಹೊದಿಸಿ ಮಲಗಿಸಿ ಬಂದು, ಮಾವನ ಕೈಯನ್ನು ಬಿಸಿನೀರಿನಲ್ಲಿ ತೊಳೆಯಲು ಕೂತಳು. ಅವರು ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, “ಉಷಾ ಮೇಡಂ ಹೇಳಿದ್ರು, ನಾನು ಕೇಳ್ಲಿಲ್ಲ. ಅವಳಿಗೋಸ್ಕರ ಅಂತ ನಿಮಗೆಲ್ಲ ಹೇಳ್ತಿದ್ದೆ. ನನಗೋಸ್ಕರ, ಧಾರಿಣಿ. ನನಗೇ ಅದು ಹಾಗೇ ಇರ್ಬೇಕಿತ್ತು” ಎಂದರು.

ಧಾರಿಣಿ ಹತ್ತಿ ಒತ್ತುತ್ತಾ, “ಮಾವ, ನನಗೆ ನಿದ್ದೆ ವಾಪಸ್ ಕೊಟ್ಟಿದ್ದು ನೀವು” ಎಂದಳು. “ಉರೀತಿದೆಯಾ?”

“ಸ್ವಲ್ಪ.”

ಮಹಂತೇಶ ಆಫೀಸಿನಿಂದ ಬಂದವನು ಹೆಂಡತಿಯ ಬಾಯಿಂದ ವಿಷಯ ಕೇಳಿ, ಬ್ಯಾಗು ಕೆಳಗಿಡದೆ ಅಪ್ಪನ ಎದುರಿನ ಕುರ್ಚಿಯಲ್ಲಿ ಬಂದು ಕೂತ. ಬ್ಯಾಂಡೇಜ್ ಹಾಕಿದ ಕೈಯನ್ನು ನೋಡಿದ.

“ಹನ್ನೊಂದನೇ ಕ್ಲಾಸಲ್ಲಿ ನನಗೆ ಸೈನ್ಸ್ ಸಿಗೋಕೆ ಎರಡು ಮಾರ್ಕ್ಸ್ ಕಮ್ಮಿಯಾಗಿತ್ತು. ಪ್ರಿನ್ಸಿಪಾಲ್ ಹತ್ರ ಬಂದು ಒಂದೇ ಒಂದು ಮಾತು ಹೇಳಿ ಅಂತ ನಾನೂ ಅಮ್ಮನೂ ಎಷ್ಟು ಕೇಳ್ಕೊಂಡ್ವಿ.”

“ನೆನಪಿದೆ.”

“ನೀವು ಬರ್ಲಿಲ್ಲ.”

“ಬರ್ಲಿಲ್ಲ.”

“ಜಗಳಕ್ಕೆ ಹೇಳ್ತಿಲ್ಲ ಅಪ್ಪ. ಕಾಮರ್ಸ್ ಓದಿ, ಎಂಸಿಎ ಮಾಡಿ, ನಾನು ಚೆನ್ನಾಗೇ ಇದ್ದೀನಿ. ಇವತ್ತು ರಸ್ತೇಲಿ ಕೂತು ಕೈಮುಗಿದ್ರಿ ಅಂತ ಕೇಳಿ...” ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತ.

ಏಕನಾಥರು ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆ ಈ ಕಡೆ ಸರಿಸಿದರು. “ಆಗಲೂ ಬರ್ಬೇಕಿತ್ತು” ಎಂದರು.

ಮಹಂತೇಶ ತಲೆಯಾಡಿಸಿದ. ಅಡುಗೆಮನೆಯಿಂದ ಶಾರದಮ್ಮ ಊಟಕ್ಕೆ ಕರೆದರು. ಎಷ್ಟೋ ವರ್ಷಗಳ ಮೇಲೆ ಅಪ್ಪ ಮಗ ಪಕ್ಕಪಕ್ಕದಲ್ಲಿ ಕೂತು ಉಂಡರು.

ಮರುದಿನ ಬೆಳಿಗ್ಗೆ ಏಕನಾಥರು ಹೊಸ ಕಾರ್ಡೊಂದನ್ನು ಬರೆದರು. ಉಷಾ ಮೇಡಂ ಹೇಳಿದಂತೆ ನೀಲಿ ಬಣ್ಣದ ತಿರುವುಬಾಣ: ಬದಲಾವಣೆಯ ಕಾರ್ಡು. ಮೊದಲ ವಾರದ ಬದಲಾವಣೆ, ಬೂತಿನ ಮುಂದೆ ರಸ್ತೆಯ ಆಚೆ ಬದಿ ಇಪ್ಪತ್ತು ಹೆಜ್ಜೆ. ಕಾರ್ಡನ್ನು ಬೆಳಿಗ್ಗೆ ತೋರಿಸಿದರು, ಮಧ್ಯಾಹ್ನ ತೋರಿಸಿದರು, ಚಪ್ಪಲಿ ಹಾಕುವಾಗ ತೋರಿಸಿದರು. ಸ್ಫೂರ್ತಿ ಕಾರ್ಡನ್ನು ಮೂರು ಸಲ ಎಸೆದಳು. ನಾಲ್ಕನೆಯ ದಿನ ಇಪ್ಪತ್ತು ಹೆಜ್ಜೆ ಹಾಕಿದಳು, ಹಲ್ಲು ಕಚ್ಚಿಕೊಂಡು. ಏಕನಾಥರೂ ಹಲ್ಲು ಕಚ್ಚಿಕೊಂಡೇ ಹಾಕಿದರು. ಆ ಬದಿಯಿಂದ ಬೂತು ಅವರಿಗೆ ಎಲ್ಲೋ ಬೇರೆ ಊರಿನದರಂತೆ ಕಂಡಿತು. ಎರಡನೆಯ ವಾರ ತಿಂಡಿ ಎಂಟು ಗಂಟೆಗೆ. ಏಳೂ ನಲವತ್ತಾದಾಗ ಅಜ್ಜನೂ ಮೊಮ್ಮಗಳೂ ಖಾಲಿ ಮೇಜಿನ ಮುಂದೆ ಕೂತು, ಒಂದೇ ಥರ ಕಾಲಾಡಿಸುತ್ತಾ, ಗೋಡೆ ಗಡಿಯಾರವನ್ನು ನೋಡುತ್ತಿದ್ದರು. “ಇಬ್ಬರಿಗೂ ಕಾರ್ಡ್ ತೋರಿಸ್ಬೇಕೇನೋ” ಎಂದು ಶಾರದಮ್ಮ ಧಾರಿಣಿಯ ಕಿವಿಯಲ್ಲಿ ಉಸುರಿದರು.

ಎಲ್ಲವೂ ಸಲೀಸಾಯಿತು ಎಂದೇನಲ್ಲ. ಬೇಸಿಗೆಯಲ್ಲಿ ದಂತವೈದ್ಯರ ಬಳಿ ಹೋದವರು ಬಾಗಿಲಿನಿಂದಲೇ ವಾಪಸಾದರು. ಶಾಲೆಯ ವ್ಯಾನಿನ ಚಾಲಕ ಬದಲಾದಾಗ ಒಂದು ತಿಂಗಳು ಶಾಲೆಯೇ ತಪ್ಪಿತು. ಆದರೂ ವರ್ಷ ತಿರುಗುವಷ್ಟರಲ್ಲಿ ಸಂಜೆಯ ನಡಿಗೆಗೆ ಮೂರು ದಾರಿಗಳಾದವು; ಯಾವುದೆಂದು ಸ್ಫೂರ್ತಿಯೇ ಕಾರ್ಡು ಎತ್ತಿ ಹೇಳುತ್ತಾಳೆ. ಧಾರಿಣಿ ಹತ್ತಿರದ ಶಾಲೆಯೊಂದರಲ್ಲಿ ಮತ್ತೆ ಗಣಿತ ಕಲಿಸಲು ಸೇರಿದ್ದಾಳೆ. ಮೊದಲ ದಿನ ಅವಳು ಸೀರೆಯುಟ್ಟು ಹೊರಟಾಗ ಸ್ಫೂರ್ತಿ ಸೆರಗನ್ನು ಮೂಸಿ ನೋಡಿ, ಬಾಗಿಲವರೆಗೂ ಬಂದು, ತಾನೇ ಚಿಲಕ ಹಾಕಿಕೊಂಡಳಂತೆ. ಬಸ್ಸಿನಲ್ಲಿ ಕೂತ ಮೇಲೆ ಅದನ್ನು ನೆನೆದು ತನಗೆ ನಗುವೋ ಅಳುವೋ ತಿಳಿಯಲಿಲ್ಲ ಎಂದು ಧಾರಿಣಿ ಈಗಲೂ ಹೇಳುತ್ತಾಳೆ.

ಕಳೆದ ಜುಲೈನಲ್ಲಿ ಒಂದು ಮಧ್ಯಾಹ್ನ ಭಾರಿ ಮಳೆ ಸುರಿಯಿತು. ದೆಹಲಿಯಲ್ಲಿ ಎರಡು ತಾಸು ಮಳೆಯಾದರೆ ಸಾಕು, ಓಣಿ ಕಾಲುವೆಯಾಗುತ್ತದೆ. ಸಂಜೆ ಕೆಳಗೆ ಮೊಣಕಾಲುದ್ದ ನೀರು ನಿಂತಿತ್ತು, ಅದರಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿ ತೇಲುತ್ತಿತ್ತು. ಮೂರು ದಾರಿಗಳಲ್ಲಿ ಒಂದೂ ಇರಲಿಲ್ಲ. ಏಕನಾಥರು ನೀಲಿ ಬಾಣದ ಕಾರ್ಡು ಹಿಡಿದು ಬಾಲ್ಕನಿಯಲ್ಲಿ ಸ್ಫೂರ್ತಿಯ ಪಕ್ಕ ಕೂತರು. ಬಾಣ ಎಲ್ಲಿಗೆ ತಿರುಗಬೇಕೆಂದು ಅವರಿಗೂ ಹೊಳೆಯಲಿಲ್ಲ. ಹಾಗೆಂದೇ ಹೇಳಿದರು: “ಇವತ್ತು ನಡಿಗೆ ಇಲ್ಲ, ಪುಟ್ಟ. ಏನು ಮಾಡೋದು ಅಂತ ನನಗೂ ಗೊತ್ತಿಲ್ಲ.”

ಅವಳು ಅತ್ತಳು, ಗಟ್ಟಿಯಾಗಿ, ಪಕ್ಕದ ಮನೆಗಳಿಗೆ ಕೇಳುವಷ್ಟು. ಬಾಲ್ಕನಿಯ ಸರಳುಗಳನ್ನು ಹಿಡಿದು ಅಲುಗಾಡಿಸಿದಳು. ಅಜ್ಜ ಪಕ್ಕದಲ್ಲೇ ಕೂತಿದ್ದರು. ಮಳೆಯ ಸದ್ದು ಕಡಿಮೆಯಾಗುತ್ತಾ ಬಂದ ಹಾಗೆ ಅಳುವೂ ಕಡಿಮೆಯಾಯಿತು. ಆಮೇಲೆ ಅವಳು ಎದ್ದು, ಒಳಗೆ ಹೋಗಿ, ಇಬ್ಬರ ಚಪ್ಪಲಿಯನ್ನೂ ತಂದು ಅವರ ಮುಂದಿಟ್ಟು, ತೋಳು ಹಿಡಿದು ಎಳೆದಳು. ಬಾಗಿಲಾಚೆ ಬಂದವಳು ಕೆಳಗಿಳಿಯದೆ ಮೇಲಿನ ಮೆಟ್ಟಿಲ ಕಡೆ ತಿರುಗಿದಳು. ಆ ಕಡೆಗೆ ಅವರು ಎಂದೂ ಹೋಗಿರಲಿಲ್ಲ; ಅಲ್ಲಿ ಮೂರನೆಯ ಮಹಡಿ, ಅದರ ಮೇಲೆ ಟೆರೇಸು, ಅಷ್ಟೆ.

“ಅಲ್ಲಿಗಾ?” ಎಂದರು ಏಕನಾಥರು.

“ಚಲೋ” ಎಂದಳು ಸ್ಫೂರ್ತಿ.

ಗೋಡೆಯ ಹಸಿ ಸುಣ್ಣದ ವಾಸನೆ ಬರುತ್ತಿತ್ತು. ಅವಳು ಗುಂಯ್ ಎಂದು ಸ್ವರ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಏಕನಾಥರು ಮಂಡಿ ಹಿಡಿದುಕೊಂಡು, ಅವಳಿಗೆ ತೋಳು ಕೊಟ್ಟು, ಒಂದು ಮೆಟ್ಟಿಲು ಹಿಂದೆಯೇ ಹತ್ತಿದರು.